ತಟ್ಟೆಯಲ್ಲಿ ಸತ್ತ ಕೋಶ, ವಾಟ್ಸ್ಆ್ಯಪ್‌ನಲ್ಲಿ ಹುಟ್ಟಿದ ಮದ್ದು

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದ ವಾರದೊಳಗೆ ನೆಂಟರೊಬ್ಬರು ಲಕ್ಷ್ಮಣಫಲದ ಎಲೆ ತಂದುಕೊಡುತ್ತಾರೆ. "ಕೀಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿ, ಲ್ಯಾಬಿನಲ್ಲೇ ಸಾಬೀತಾಗಿದೆ" ಎಂಬ ಸಂದೇಶವೂ ಜೊತೆಗೆ ಬರುತ್ತದೆ. ಪ್ರೀತಿಯಿಂದ ತಂದದ್ದು, ಬೇಡ ಎನ್ನಲು ಬಾಯಿ ಬಾರದು. ಆ ಸಂದೇಶ ಪೂರಾ ಕಟ್ಟುಕತೆಯೂ ಅಲ್ಲ. ಅದರ ಬೇರು ನಿಜವಾದ ಸಂಶೋಧನೆಯೊಂದರಲ್ಲಿದೆ. ಆದ್ದರಿಂದಲೇ ಅದು ಹೆಚ್ಚು ಅಪಾಯಕಾರಿ.

ನಂಬಿಕೆ: ಹತ್ತು ಸಾವಿರ ಪಟ್ಟು ಶಕ್ತಿ ಎಂದರೆ ಅಷ್ಟು ಪಟ್ಟು ಒಳ್ಳೆಯ ಔಷಧ

1996ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ತಂಡವೊಂದು ಲಕ್ಷ್ಮಣಫಲದ ಬೀಜಗಳಿಂದ ಕೆಲವು ರಾಸಾಯನಿಕಗಳನ್ನು ಬೇರ್ಪಡಿಸಿತು. ಅವುಗಳಲ್ಲಿ ಸಿಸ್-ಅನೋನಾಸಿನ್ ಎಂಬುದು ತಟ್ಟೆಯಲ್ಲಿ ಬೆಳೆಸಿದ ಒಂದು ಬಗೆಯ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಅಡ್ರಿಯಾಮೈಸಿನ್ ಎಂಬ ಕೀಮೋ ಔಷಧಕ್ಕಿಂತ 10,000 ಪಟ್ಟು ತೀಕ್ಷ್ಣವಾಗಿತ್ತು. ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಪ್ರಮಾಣಕ್ಕೇ ಅಷ್ಟೇ ಪರಿಣಾಮ ಕಂಡಿತು. ಆ ಸಂಖ್ಯೆ ಹೇಳುವುದು ಇಷ್ಟನ್ನೇ. ಅದು ಹೊಟ್ಟೆಯಿಂದ ರಕ್ತಕ್ಕೆ ಸೇರಿ ಗಡ್ಡೆಯವರೆಗೆ ತಲುಪುತ್ತದೆಯೇ, ದಾರಿಯಲ್ಲಿ ಸಿಕ್ಕ ಆರೋಗ್ಯವಂತ ಕೋಶಗಳನ್ನು ಬಿಡುತ್ತದೆಯೇ ಎಂಬುದನ್ನು ಆ ತಟ್ಟೆ ಕೇಳಿರಲೇ ಇಲ್ಲ. ಪರೀಕ್ಷಿಸಿದ್ದು ಬೀಜದ ಶುದ್ಧ ರಾಸಾಯನಿಕವನ್ನು, ನಮ್ಮ ಮನೆಗಳಲ್ಲಿ ಕುದಿಯುತ್ತಿರುವುದು ಎಲೆಯ ಕಷಾಯ.

ಈ ಜಾತಿಯ ರಾಸಾಯನಿಕಗಳು ಕೋಶವನ್ನು ಕೊಲ್ಲುವ ಬಗೆಯೂ ಗೊತ್ತಿದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಮೊದಲ ಹಂತವನ್ನೇ ಅವು ತಡೆಯುತ್ತವೆ. ಮೈಟೊಕಾಂಡ್ರಿಯ ಕ್ಯಾನ್ಸರ್ ಕೋಶದಲ್ಲಷ್ಟೇ ಅಲ್ಲ, ಮಿದುಳಿನಲ್ಲೂ ಇದೆ. ಕೆರಿಬಿಯನ್ ದ್ವೀಪ ಗ್ವಾಡಲೂಪಿನಲ್ಲಿ ಈ ಹಣ್ಣು ತಿನ್ನುವ, ಎಲೆಯ ಚಹಾ ಕುಡಿಯುವ ಜನರಲ್ಲಿ ಪಾರ್ಕಿನ್ಸನ್‌ನಂಥ, ಆದರೆ ಅದರ ಮಾಮೂಲಿ ಔಷಧಕ್ಕೆ ಸರಿಯಾಗಿ ಬಗ್ಗದ ಕಾಯಿಲೆ ಹೆಚ್ಚಾಗಿರುವುದನ್ನು 1999ರಲ್ಲಿ ವೈದ್ಯರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ಆಮೇಲೆ ಇಲಿಗಳ ರಕ್ತನಾಳಕ್ಕೆ ಇದೇ ಜಾತಿಯ ಅನೋನಾಸಿನ್ ಕೊಟ್ಟಾಗ ಮಿದುಳಿನ ನರಕೋಶಗಳು ಹಾಳಾದವು. ಹಣ್ಣೇ ಆ ಕಾಯಿಲೆಗೆ ಕಾರಣ ಎಂಬುದು ಮನುಷ್ಯರಲ್ಲಿ ಪೂರ್ತಿ ಸಾಬೀತಾಗಿಲ್ಲ. ಆದರೆ ಅದು ಮನುಷ್ಯರ ಕ್ಯಾನ್ಸರ್ ಗುಣಪಡಿಸುತ್ತದೆ ಎಂಬುದಕ್ಕೂ ನಂಬಲರ್ಹ ಪುರಾವೆಯಿಲ್ಲ. ಎಲೆಯನ್ನು ನೆಚ್ಚಿ ಕೀಮೋ ಮುಂದೂಡಿದರೆ ಕಳೆದುಹೋಗುವ ತಿಂಗಳುಗಳು ಮಾತ್ರ ಮರಳಿ ಬರುವುದಿಲ್ಲ.

ನಂಬಿಕೆ: ಸತ್ತ ಕೋಶಗಳನ್ನು ಎಣಿಸಿಯೇ ಹೇಳಿರುತ್ತಾರೆ

ಬಹಳಷ್ಟು ಸಲ ಎಣಿಸಿರುವುದಿಲ್ಲ. ಹೆಚ್ಚು ಬಳಕೆಯಲ್ಲಿರುವ ಎಂಟಿಟಿ ಪರೀಕ್ಷೆಯನ್ನು ಟಿಮ್ ಮಾಸ್ಮನ್ 1983ರಲ್ಲಿ ಪ್ರಕಟಿಸಿದರು. 96 ಪುಟ್ಟ ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶಗಳನ್ನು ಬೆಳೆಸಿ, ಪರೀಕ್ಷಿಸಬೇಕಾದ ವಸ್ತುವನ್ನು ಬೆರೆಸಿ, ಕೊನೆಗೆ ಹಳದಿ ಬಣ್ಣದ ಎಂಟಿಟಿ ಹಾಕುತ್ತಾರೆ. ಚಟುವಟಿಕೆಯಿಂದಿರುವ ಕೋಶ ಅದನ್ನು ನೇರಳೆಯಾಗಿಸುತ್ತದೆ. ನೇರಳೆ ಕಡಿಮೆಯಾದಷ್ಟೂ ವಿಷ ಹೆಚ್ಚು ಎಂಬುದು ಲೆಕ್ಕ. ಆದರೆ ಬಣ್ಣ ಅಳೆಯುವುದು ಕೋಶದ ಚಯಾಪಚಯವನ್ನು, ಸಾವನ್ನಲ್ಲ. ಬೆಳವಣಿಗೆ ನಿಂತ ಅಥವಾ ಸುಮ್ಮನೆ ನಿಧಾನಗೊಂಡ ಕೋಶವೂ ಅಲ್ಲಿ ಸತ್ತಂತೆ ಕಾಣಬಹುದು.

ಗಿಡಮೂಲಿಕೆಗಳ ವಿಷಯದಲ್ಲಿ ಇದರ ತಿರುವುಮುರುವೂ ಆಗುತ್ತದೆ. ವಿಟಮಿನ್ ಸಿ ಮತ್ತು ಸಸ್ಯಗಳ ಅನೇಕ ಪಾಲಿಫಿನಾಲ್‌ಗಳು ಕೋಶದ ಹಂಗೇ ಇಲ್ಲದೆ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ಆಗ ಕೋಶ ಸತ್ತಿದ್ದರೂ ಯಂತ್ರ "ಬದುಕಿದೆ" ಎನ್ನುತ್ತದೆ. ಕೋಶವಿಲ್ಲದ ಗುಳಿಗಳಲ್ಲೂ ಅದೇ ಸಾರವನ್ನು ಹಾಕಿ ನೋಡದ, ಬೇರೆ ವಿಧಾನದಿಂದ ತಾಳೆ ನೋಡದ ಫಲಿತಾಂಶವನ್ನು ನಾನಂತೂ ಒಪ್ಪುವುದಿಲ್ಲ.

ನಂಬಿಕೆ: ಕೋಶಕ್ಕೆ ಏನೂ ಆಗದಿದ್ದರೆ ಮನುಷ್ಯನಿಗೂ ಏನೂ ಆಗದು

ಪ್ಯಾರಾಸಿಟಮಾಲ್ ಮಿತಿಮೀರಿದಾಗ ಯಕೃತ್ತನ್ನು ಹಾಳುಮಾಡುವುದು ಆ ಮಾತ್ರೆಯಲ್ಲ, ಯಕೃತ್ತಿನ ಕಿಣ್ವಗಳು ಅದನ್ನು ಒಡೆದಾಗ ಹುಟ್ಟುವ ಇನ್ನೊಂದು ವಸ್ತು. ಲ್ಯಾಬುಗಳಲ್ಲಿ ಯಕೃತ್ತಿನ ಬದಲಿಗೆ ಬಳಸುವ ಹೆಪ್‌ಜಿ2 ಕೋಶಗಳು ಗಡ್ಡೆಯಿಂದ ಬಂದವು. ಅವುಗಳಲ್ಲಿ ಈ ಕಿಣ್ವಗಳು ತೀರಾ ಕಡಿಮೆ. ವಿಷವೇ ಹುಟ್ಟದ ಕಡೆ ವಿಷದ ಗುರುತು ಸಿಗುವುದು ಹೇಗೆ?

2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಪ್ರತಿಕಾಯ ಔಷಧವನ್ನು ಆರು ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟರು. ಮಂಗಗಳು ತಾಳಿಕೊಂಡಿದ್ದ ಪ್ರಮಾಣದ 500ರಲ್ಲಿ ಒಂದು ಪಾಲು ಅದು. ಕೋಶ ಪರೀಕ್ಷೆಗಳಲ್ಲೂ ಅಪಾಯದ ಸುಳಿವಿರಲಿಲ್ಲ. ಎರಡು ಗಂಟೆಯೊಳಗೆ ಆರೂ ಜನ ನರಳತೊಡಗಿದರು, ಆಮೇಲೆ ತೀವ್ರ ನಿಗಾ ಘಟಕ ಸೇರಿದರು. ಪುಣ್ಯಕ್ಕೆ ಎಲ್ಲರೂ ಉಳಿದರು. ಬಳಿಕ ವಿಜ್ಞಾನಿಗಳು ಮನುಷ್ಯರ ರಕ್ತಕೋಶಗಳ ಮೇಲೆ ಮತ್ತೆ ಪರೀಕ್ಷಿಸಿದರು. ಔಷಧವನ್ನು ದ್ರವದಲ್ಲಿ ಬೆರೆಸಿದಾಗ ಕೋಶಗಳು ತೆಪ್ಪಗಿದ್ದವು. ಅದನ್ನೇ ಗುಳಿಯ ತಳಕ್ಕೆ ಒಣಗಿಸಿ ಅಂಟಿಸಿ, ಮೇಲೆ ಕೋಶಗಳನ್ನು ಬಿಟ್ಟಾಗ ಉರಿಯೂತದ ರಾಸಾಯನಿಕಗಳು ಉಕ್ಕಿ ಬಂದವು. ಇಂಥ ಔಷಧಗಳನ್ನು ಮನುಷ್ಯರಿಗೆ ಕೊಡುವ ಮೊದಲು ಈಗ ಈ ಬಗೆಯ ಪರೀಕ್ಷೆಯನ್ನೂ ಮಾಡುತ್ತಾರೆ.

ಹಾಗಂತ ತಟ್ಟೆಯನ್ನು ಎಸೆಯಬೇಕಿಲ್ಲ. ಮನುಷ್ಯರ ಚರ್ಮದ ಕೋಶಗಳನ್ನು ಪದರಪದರವಾಗಿ ಬೆಳೆಸಿ, ಮೇಲೆ ರಾಸಾಯನಿಕ ಸವರಿ, ಚರ್ಮ ಕೆರಳುತ್ತದೆಯೇ ಎಂದು ಅದೇ ಎಂಟಿಟಿಯಿಂದ ನೋಡುವ ವಿಧಾನಕ್ಕೆ ಅಂತರರಾಷ್ಟ್ರೀಯ ಮಾನ್ಯತೆಯಿದೆ. ಮೊಲದ ಬೆನ್ನು ಬೋಳಿಸಿ ಮಾಡುತ್ತಿದ್ದ ಪರೀಕ್ಷೆಯ ಜಾಗಕ್ಕೆ ಅದು ಬಂದಿದೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿ ನಿಷೇಧಿಸಿತು. ಈ ಚರ್ಮದ ಪರೀಕ್ಷೆಯಲ್ಲಿ ತಟ್ಟೆಗೆ ಕೇಳುವ ಪ್ರಶ್ನೆ ಚರ್ಮದ್ದು, ಉತ್ತರಿಸುವ ಕೋಶಗಳೂ ಚರ್ಮದವೇ.