ಹಿತ್ತಲ ಕಳೆಯಲ್ಲಿ ಊಟವೂ ಉಂಟು, ಮದ್ದೂ ಉಂಟು, ಗುರುತು ತಪ್ಪಬಾರದು

ಮುಂಗಾರಿನ ಹದ ಮಳೆ ಬಿದ್ದು ಕೆಲವು ದಿನ ಕಳೆಯುವಷ್ಟರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ಸೀಮೆಯ ಹಿತ್ತಲುಗಳಲ್ಲಿ ಯಾರೂ ಬಿತ್ತದ ಬೆಳೆಯೊಂದು ಮೇಲೇಳುತ್ತದೆ. ಬಚ್ಚಲ ನೀರು ಹರಿಯುವೆಡೆ ಹೊನಗೊನ್ನೆ, ತಿಪ್ಪೆಯ ಅಂಚಿನಲ್ಲಿ ಗಣಿಕೆ ಮತ್ತು ಕೀರೆ, ಬೇಲಿಯ ಬುಡದಲ್ಲಿ ಕೊಮ್ಮೆ, ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪು. ಕೃಷಿಯ ಪರಿಭಾಷೆಯಲ್ಲಿ ಇವೆಲ್ಲ ಕಳೆ. ಅಡುಗೆಮನೆಯ ಭಾಷೆಯಲ್ಲಿ ಬೆರಕೆ ಸೊಪ್ಪು.

2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಪ್ರದೇಶದಲ್ಲಿ ನಗರದ ನೆರಳು ಚಾಚುತ್ತಿದೆ. ಹಿತ್ತಲುಗಳಿಗೆ ಸಿಮೆಂಟ್ ಬೀಳುತ್ತಿದೆ. ಆದರೂ ಈ ಗಿಡಗಳು ಅಷ್ಟು ಸುಲಭವಾಗಿ ಅಳಿಯುವಂಥವಲ್ಲ. ಖಾಲಿ ನಿವೇಶನದಲ್ಲೂ, ಹೂಕುಂಡದಲ್ಲೂ ಹುಟ್ಟಿಕೊಳ್ಳುತ್ತವೆ. ಅವುಗಳಿಗಿಂತ ಬೇಗ ಅಳಿಯುತ್ತಿರುವುದು ಅವನ್ನು ಗುರುತಿಸುವ ಅರಿವು.

ಬೆರಕೆಯ ಹಿಂದಿನ ಲೆಕ್ಕ

ಹಳೆ ಮೈಸೂರು ಸೀಮೆಯಲ್ಲಿ ರಾಗಿ ಮುದ್ದೆಗೆ ಜೊತೆಯಾಗುವ ಉಪ್ಪುಸಾರು ಹಾಗೂ ಮಸ್ಸೊಪ್ಪಿಗೆ ಒಂದೇ ಸೊಪ್ಪು ಬೇಕೆಂಬ ನಿಯಮವಿಲ್ಲ. ಐದಾರು ಬಗೆಯ ಎಳೆಯ ಕುಡಿಗಳನ್ನು ಒಂದೊಂದು ಹಿಡಿಯಂತೆ ಸೇರಿಸಿ, ಬೇಳೆ ಅಥವಾ ಕಾಳಿನೊಡನೆ ಬೇಯಿಸುವುದು ರೂಢಿ. ಗಣಿಕೆಯ ಕಹಿಯನ್ನು ಕೀರೆಯ ಸಪ್ಪೆ ರುಚಿ ತಗ್ಗಿಸುತ್ತದೆ. ಗೋಣಿ ಸೊಪ್ಪು ಹುಳಿ ಒದಗಿಸುತ್ತದೆ. ರುಚಿಯ ಜೊತೆಗೆ ಇದರಲ್ಲಿ ಸುರಕ್ಷತೆಯ ಲೆಕ್ಕವೂ ಅಡಗಿದೆ: ಯಾವುದೇ ಒಂದು ಗಿಡದ ಅಂಶ ದೇಹಕ್ಕೆ ಅತಿಯಾಗಿ ಸೇರುವುದಿಲ್ಲ.

ಗೋಣಿ ಸೊಪ್ಪು, ಕೀರೆಯಂಥ ಸೊಪ್ಪುಗಳಲ್ಲಿ ಆಕ್ಸಲೇಟ್ ಹೆಚ್ಚು. ಬೇಯಿಸಿದಾಗ ಅದರ ಒಂದು ಭಾಗ ನೀರಿಗೆ ಇಳಿಯುತ್ತದೆ. ಆದರೆ ಉಪ್ಪುಸಾರಿಗೆ ಬಳಕೆಯಾಗುವುದು ಬಸಿದ ಆ ನೀರೇ. ಆದ್ದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ಇಂಥ ಸೊಪ್ಪಿನ ಕಟ್ಟನ್ನು ಚೆಲ್ಲಿ, ಪಲ್ಯವನ್ನಷ್ಟೇ ಮಿತವಾಗಿ ತಿನ್ನುವುದು ಲೇಸು.

ಯಾವ ಗಿಡ, ಯಾವ ಬಳಕೆ

ಕೊಮ್ಮೆ: ಬೇಸಿಗೆಯಲ್ಲಿ ಒಣಗಿ, ಮಳೆ ಬಿದ್ದೊಡನೆ ಬೇರಿನಿಂದ ಮತ್ತೆ ಚಿಗುರುವ ಕಾರಣ ಸಂಸ್ಕೃತದಲ್ಲಿ ಇದಕ್ಕೆ ಪುನರ್ನವ ಎಂಬ ಹೆಸರು. ಎಳೆಯ ಕುಡಿ ಸಾರಿಗೆ ಸಲ್ಲುತ್ತದೆ. ಮೂತ್ರ ಸರಾಗವಾಗಲು, ಬಾವು ಇಳಿಯಲು ಆಯುರ್ವೇದ ಇದರ ಬೇರನ್ನು ಬಳಸುತ್ತದೆ.

ಗಣಿಕೆ: ಇದಕ್ಕೆ ಕಾಗೆಸೊಪ್ಪು ಎಂದೂ ಹೆಸರುಂಟು. ಬಾಯಿಹುಣ್ಣಿಗೆ ಮನೆಮದ್ದು. ಎಲೆಯನ್ನು ಚೆನ್ನಾಗಿ ಬೇಯಿಸಿ ತಿನ್ನುತ್ತಾರೆ, ಕಪ್ಪಾಗಿ ಮಾಗಿದ ಹಣ್ಣು ಮಕ್ಕಳಿಗೆ ಪ್ರಿಯ. ಹಸಿರು ಕಾಯಿಯಲ್ಲಿ ಮಾತ್ರ ಸೊಲನಿನ್ ಎಂಬ ವಿಷಾಂಶವಿರುತ್ತದೆ.

ಒಂದೆಲಗ: ತೇವವಿರುವಲ್ಲಿ ನೆಲದ ಮೇಲೆ ಹಬ್ಬುತ್ತದೆ. ತಂಬುಳಿ, ಚಟ್ನಿಗೆ ಒದಗುತ್ತದೆ. ಹಸಿಯಾಗಿ ಅರೆಯುವುದರಿಂದ ಶುದ್ಧ ನೀರಿನಲ್ಲಿ ಹಲವು ಬಾರಿ ತೊಳೆಯಬೇಕು.

ತುಂಬೆ: ಬಿಳಿ ಹೂವು ಶಿವಪೂಜೆಗೆ ಪ್ರಸಿದ್ಧ. ನೆಗಡಿಯಾದಾಗ ಎಲೆಯನ್ನು ಕುದಿಸಿ ಆವಿ ತೆಗೆದುಕೊಳ್ಳುವ ಪದ್ಧತಿ ಇದೆ.

ಇವುಗಳ ನಡುವೆಯೇ ದತ್ತೂರವೂ ಹುಟ್ಟುತ್ತದೆ. ಎಳೆಯದಿರುವಾಗ ಅದನ್ನು ಇತರ ಸೊಪ್ಪುಗಳಿಂದ ಬೇರ್ಪಡಿಸುವುದು ಅನುಭವವಿಲ್ಲದ ಕಣ್ಣಿಗೆ ಕಷ್ಟ. ಅಪ್ಪಿತಪ್ಪಿ ತಿಂದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಚಿತ್ತಭ್ರಮೆ ಉಂಟಾಗುತ್ತದೆ. ಹೂವು, ಕಾಯಿ ನೋಡಿ ಖಚಿತವಾಗದ ಗಿಡ ಅಡುಗೆಗೆ ಬರಬಾರದು.

ನಂಬಿಕೆ ಮತ್ತು ಪರೀಕ್ಷೆ

ಕಾಮಾಲೆಗೆ ನೆಲನೆಲ್ಲಿ ಎಂಬುದು ಮನೆಮಾತು. ಚೆನ್ನೈನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಗಿಡ ಸೇವಿಸಿದ 37 ಹೆಪಟೈಟಿಸ್-ಬಿ ವಾಹಕರ ಪೈಕಿ 22 ಮಂದಿಯ ರಕ್ತದಲ್ಲಿ ವೈರಾಣುವಿನ ಗುರುತು ಕಾಣೆಯಾಗಿತ್ತು. ಜಗತ್ತಿನ ಗಮನ ಸೆಳೆದ ಈ ಫಲಿತಾಂಶ ನಂತರದ ಹಲವು ಪರೀಕ್ಷೆಗಳಲ್ಲಿ ಮರುಕಳಿಸಲಿಲ್ಲ. 2011ರ ಕಾಕ್ರೇನ್ ವಿಮರ್ಶೆಯೂ ನಂಬಲರ್ಹ ಪುರಾವೆ ಇಲ್ಲವೆಂದೇ ಹೇಳಿತು. ಹೆಪಟೈಟಿಸ್-ಎ ವೈರಾಣುವಿನಿಂದ ಬರುವ ಕಾಮಾಲೆ ಬಹುತೇಕ ತಾನಾಗಿಯೇ ಗುಣವಾಗುತ್ತದೆ. ಹಾಗೆ ಗುಣವಾದದ್ದರ ಕೀರ್ತಿಯೂ ಗಿಡಕ್ಕೆ ಸಲ್ಲುವುದುಂಟು. ಆದರೆ ಕಾಮಾಲೆಯ ಕಾರಣ ತಿಳಿಯದೆ ವಾರಗಟ್ಟಲೆ ಕಷಾಯವನ್ನೇ ನೆಚ್ಚಿದರೆ ಯಕೃತ್ತಿನ ಗಂಭೀರ ರೋಗ ಕಣ್ತಪ್ಪಿಸಿಕೊಳ್ಳಬಹುದು.

ಕೋವಿಡ್ ಕಾಲದಲ್ಲಿ ಮನೆಮನೆಯಲ್ಲಿ ಕುದಿದ ಅಮೃತಬಳ್ಳಿಯ ಕಥೆಯೂ ಇಂಥದ್ದೇ. ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ಹಾನಿ ಕಂಡದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. 2022ರಲ್ಲಿ ದೇಶದ 13 ವೈದ್ಯಕೀಯ ಕೇಂದ್ರಗಳಿಂದ ಇಂಥ 43 ಪ್ರಕರಣಗಳು ಪ್ರಕಟವಾದವು. ಅಮೃತಬಳ್ಳಿ ಸುರಕ್ಷಿತವೆಂದು ಪ್ರತಿಪಾದಿಸಿದ ಕೇಂದ್ರ ಆಯುಷ್ ಸಚಿವಾಲಯ, ಅದನ್ನೇ ಹೋಲುವ ‘ಟೈನೋಸ್ಪೊರ ಕ್ರಿಸ್ಪ’ ಎಂಬ ಬಳ್ಳಿಯೊಡನೆ ಗೊಂದಲವಾಗಬಾರದೆಂದು ಎಚ್ಚರಿಸಿತು. ಕಾಂಡದ ತುಂಬ ಗಂಟುಗಂಟಾದ ಉಬ್ಬುಗಳಿದ್ದು, ಮುರಿದಾಗ ಹಾಲಿನಂಥ ರಸ ಒಸರಿದರೆ ಅದು ಅಮೃತಬಳ್ಳಿಯಲ್ಲ. ಗುರುತು ಸರಿಯಿದ್ದರೂ ಥೈರಾಯ್ಡ್ ಮೊದಲಾದ ಸ್ವಯಂನಿರೋಧಕ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಸೇವಿಸಬಾರದು.

ಕೀಳುವ ಜಾಗವೂ ಮುಖ್ಯ

ಗಿಡ ಒಳ್ಳೆಯದಾದರೆ ಸಾಲದು, ನೆಲವೂ ಒಳ್ಳೆಯದಿರಬೇಕು. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ನದಿ ರಾಮನಗರ ತಾಲ್ಲೂಕಿನ ಭೈರಮಂಗಲ ಕೆರೆಯನ್ನು ಸೇರುತ್ತದೆ. ಇಂಥ ನೀರು ಹರಿಯುವಲ್ಲಿ ಬೆಳೆಯುವ ಸೊಪ್ಪು ಭಾರಲೋಹಗಳನ್ನು ಹೀರಿಕೊಳ್ಳುತ್ತದೆ. ತೊಳೆದರೂ, ಬೇಯಿಸಿದರೂ ಅವು ಪೂರ್ತಿ ಹೋಗುವುದಿಲ್ಲ. ಚರಂಡಿ, ಹೆದ್ದಾರಿಯ ಅಂಚುಗಳಿಗೂ ಇದೇ ಮಾತು ಅನ್ವಯ.

ರೇಷ್ಮೆ ಹುಳು ಕೀಟನಾಶಕದ ಅಂಶವನ್ನು ತಾಳಲಾರದು. ಆದ್ದರಿಂದ ಈ ಭಾಗದ ರೈತರು ಹಿಪ್ಪುನೇರಳೆ ತೋಟದಲ್ಲಿ ಸಿಂಪಡಣೆಗೆ ಹಿಂಜರಿಯುತ್ತಾರೆ. ಆದರೂ ಕಳೆನಾಶಕ ಬಳಕೆಯಾಗಿದೆಯೇ ಎಂದು ವಿಚಾರಿಸಿಯೇ ಅಲ್ಲಿನ ಬೆರಕೆ ಸೊಪ್ಪಿಗೆ ಕೈ ಹಾಕಬೇಕು.

ಬಲ್ಲವರು ಇನ್ನೂ ಇದ್ದಾರೆ

ಮಾಗಡಿ ತಾಲ್ಲೂಕಿನ ಸಾವನದುರ್ಗದಲ್ಲಿ ಅರಣ್ಯ ಇಲಾಖೆಯು ಔಷಧಿ ಸಸ್ಯಗಳ ಸಂರಕ್ಷಣಾ ಪ್ರದೇಶವನ್ನು ಗುರುತಿಸಿದೆ. ಕಾಡಂಚಿನ ಇರುಳಿಗ ಸಮುದಾಯಕ್ಕೆ ಗೆಡ್ಡೆ, ಗೆಣಸು, ಸೊಪ್ಪುಗಳ ಪರಿಚಯ ತಲೆಮಾರುಗಳದ್ದು. ಅದೇ ಬಗೆಯ ಅರಿವು ಊರಿನ ಹಿರಿಯ ಹೆಂಗಸರಲ್ಲೂ ಇದೆ. ಯಾವ ಗಿಡವನ್ನು ಹೂ ಬಿಡುವ ಮೊದಲು ಚಿವುಟಬೇಕು, ಯಾವುದನ್ನು ಬಸುರಿಗೆ ಕೊಡಬಾರದು ಎಂಬುದು ಅವರಿಗೆ ಕೈಯಳತೆಯಷ್ಟೇ ಸಹಜ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹತ್ತಿರದ್ದನ್ನು ಕಡೆಗಣಿಸುವವರನ್ನು ಕುರಿತದ್ದು. ಇಂದು ಹಿತ್ತಲ ಗಿಡವೆಲ್ಲ ಮದ್ದೇ ಎಂದು ನಂಬುವವರಿಗೂ ಎಚ್ಚರಿಕೆಯ ಮಾತು ಬೇಕಾಗಿದೆ. ಆಹಾರವಾಗಿ ಮಿತವಾಗಿ ಬಳಸಿ, ಔಷಧವಾಗಿ ಬಳಸುವ ಮುನ್ನ ವೈದ್ಯರನ್ನು ಕೇಳುವುದು ಕ್ಷೇಮ. ಮುಂದಿನ ಮಳೆಗೆ ಗಿಡಗಳು ತಾವಾಗಿಯೇ ಬರುತ್ತವೆ. ಅವುಗಳ ಹೆಸರು ಹೇಳಿಕೊಡುವ ಹಿರಿಯರು ಮನೆಯಲ್ಲಿದ್ದರೆ, ಮಕ್ಕಳನ್ನು ಈ ಬಾರಿಯೇ ಅವರ ಜೊತೆ ಹಿತ್ತಲಿಗೆ ಕಳುಹಿಸಬೇಕು.