ಸೂಪರ್‌ಮ್ಯಾನ್ ನೆಗೆತಕ್ಕೆ ಎಷ್ಟು ವೇಗ ಬೇಕು?

ಪಠ್ಯಪುಸ್ತಕದ ನಡುವೆ ಕಾಮಿಕ್ಸ್ ಅಡಗಿಸಿಟ್ಟು ಓದುವಾಗ ಸಿಕ್ಕಿಬಿದ್ದ ಮಕ್ಕಳಿಗೆ ಮನೆಯಲ್ಲಿ ಬೈಗುಳ ತಪ್ಪಿದ್ದಲ್ಲ. ಆದರೆ ಅದೇ ಚಿತ್ರಕಥೆಯನ್ನು ಪಠ್ಯದ ಪಕ್ಕದಲ್ಲಿ ತೆರೆದಿಟ್ಟು ಕೈಗೆ ಪೆನ್ಸಿಲ್ ಕೊಟ್ಟರೆ? ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಾಧ್ಯಾಪಕ ಜೇಮ್ಸ್ ಕಕಾಲಿಯೋಸ್ ಮಾಡಿದ್ದು ಇದನ್ನೇ. ಕಾಮಿಕ್ಸ್ ವೀರರ ಸಾಹಸಗಳನ್ನು ಲೆಕ್ಕಗಳಾಗಿಸಿ ಪಾಠ ಹೇಳಿದ ಅವರು 2005ರಲ್ಲಿ ಆ ಕುರಿತು ಪುಸ್ತಕವನ್ನೂ ಹೊರತಂದರು.

ಸೂಪರ್‌ಮ್ಯಾನ್‌ನಿಂದಲೇ ಆರಂಭಿಸೋಣ. ಜೆರ್ರಿ ಸೀಗೆಲ್ ಬರೆದು ಜೋ ಶುಸ್ಟರ್ ಚಿತ್ರಿಸಿದ ಈ ವೀರ 1938ರಲ್ಲಿ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡಾಗ ಅವನಿಗೆ ಹಾರಲು ಬರುತ್ತಿರಲಿಲ್ಲ. ನೆಗೆಯಲು ಮಾತ್ರ ಬರುತ್ತಿತ್ತು. ಇಪ್ಪತ್ತು ಅಂತಸ್ತಿನ ಕಟ್ಟಡವನ್ನು ದಾಟಬಲ್ಲ, ಒಂದೇ ನೆಗೆತಕ್ಕೆ ಮೈಲಿಯ ಎಂಟನೇ ಒಂದು ಭಾಗ ಕ್ರಮಿಸಬಲ್ಲ ಎಂದು ಕಥೆ ಹೇಳಿತು. ನೆಗೆತದ ವೇಗವನ್ನು ಹೇಳಲಿಲ್ಲ. ಅದನ್ನು ನಾವೇ ಕಂಡುಹಿಡಿಯಬಹುದು.

ಒಂದು ಅಂತಸ್ತಿಗೆ 3 ಮೀಟರ್ ಎಂದರೆ ಕಟ್ಟಡದ ಎತ್ತರ 60 ಮೀಟರ್. ಗುರುತ್ವ ವೇಗೋತ್ಕರ್ಷ 9.8. ಈ ಎರಡನ್ನೂ ಗುಣಿಸಿ, ಇಮ್ಮಡಿ ಮಾಡಿದರೆ 1176. ಅದರ ವರ್ಗಮೂಲ ಸುಮಾರು 34.3. ಅಂದರೆ ಸೆಕೆಂಡಿಗೆ 34.3 ಮೀಟರ್, ಗಂಟೆಗೆ 123 ಕಿಲೋಮೀಟರ್. ಮಧ್ಯಮ ವೇಗದ ಬೌಲರ್ ಎಸೆದ ಚೆಂಡಿನ ವೇಗ! ಗಾಳಿಯ ತಡೆಯನ್ನು ಇಲ್ಲಿ ಬಿಟ್ಟಿದ್ದೇವೆ.

ಇನ್ನು ದೂರದ ಮಾತು. ಮೈಲಿಯ ಎಂಟನೇ ಒಂದು ಭಾಗ ಸುಮಾರು 200 ಮೀಟರ್. ಅತಿ ಹೆಚ್ಚು ದೂರ ಹೋಗಲು 45 ಡಿಗ್ರಿ ಕೋನದಲ್ಲಿ ನೆಗೆಯಬೇಕು. ಆಗ ದೂರವನ್ನು 9.8ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸಾಕು: ಸೆಕೆಂಡಿಗೆ 44.3 ಮೀಟರ್, ಗಂಟೆಗೆ ಸುಮಾರು 160 ಕಿಲೋಮೀಟರ್. ಇದೇ ವೇಗದಲ್ಲಿ ನೇರ ಮೇಲಕ್ಕೆ ನೆಗೆದರೆ 100 ಮೀಟರ್ ಏರಬಹುದು. ಇಪ್ಪತ್ತು ಅಂತಸ್ತು ಅವನಿಗೆ ಲೆಕ್ಕಕ್ಕಿಲ್ಲ. ಕಥೆಗಾರರ ಎರಡು ಮಾತುಗಳೂ ಒಂದಕ್ಕೊಂದು ಜಗಳವಾಡುವುದಿಲ್ಲ.

ಮೇಲೆ ಹೋದ ವೇಗದಲ್ಲೇ ಕೆಳಕ್ಕೂ ಬರಬೇಕಲ್ಲವೆ? ನಿಜವಾದ ಅಪಾಯ ಅಲ್ಲಿದೆ. 1973ರ ಸ್ಪೈಡರ್‌ಮ್ಯಾನ್ ಕಥೆಯೊಂದರಲ್ಲಿ ಖಳ ಗ್ರೀನ್ ಗಾಬ್ಲಿನ್, ನಾಯಕನ ಗೆಳತಿ ಗ್ವೆನ್ ಸ್ಟೇಸಿಯನ್ನು ಸೇತುವೆಯ ಮೇಲಿನಿಂದ ಕೆಡವುತ್ತಾನೆ. ಸ್ಪೈಡರ್‌ಮ್ಯಾನ್ ಎಸೆದ ಬಲೆಯ ಎಳೆ ಅವಳ ಕಾಲನ್ನು ಹಿಡಿಯುತ್ತದೆ. ಮೇಲೆಳೆದು ನೋಡಿದರೆ ಪ್ರಾಣವಿಲ್ಲ! ನೆಲ ಮುಟ್ಟದವಳು ಸತ್ತದ್ದು ಹೇಗೆ?

ಅವಳು 90 ಮೀಟರ್ ಬಿದ್ದಳೆಂದುಕೊಳ್ಳಿ. ಮೊದಲಿನದೇ ಲೆಕ್ಕದಂತೆ ವೇಗ ಸೆಕೆಂಡಿಗೆ 42 ಮೀಟರ್. ಬಲೆ ಅರ್ಧ ಸೆಕೆಂಡಿನಲ್ಲಿ ಅವಳನ್ನು ನಿಲ್ಲಿಸಿದರೆ, 50 ಕಿಲೋ ತೂಕದ ದೇಹವನ್ನು ಸುಮಾರು 480 ಕಿಲೋ ಭಾರದಷ್ಟು ಬಲ ಜಗ್ಗುತ್ತದೆ. ಅದೇ ಬಲೆ ಹಿಗ್ಗುತ್ತಾ ಮೂರು ಸೆಕೆಂಡಿನಲ್ಲಿ ನಿಲ್ಲಿಸಿದ್ದರೆ? ಜಗ್ಗುವ ಬಲ ಸುಮಾರು 120 ಕಿಲೋ ಭಾರಕ್ಕೆ ಇಳಿಯುತ್ತಿತ್ತು. ಕೊಂದದ್ದು ಬಿದ್ದ ವೇಗವಲ್ಲ, ತಟ್ಟನೆ ನಿಂತ ರೀತಿ.

ಕ್ಯಾಚ್ ಹಿಡಿಯುವ ಆಟಗಾರ ಚೆಂಡಿನೊಡನೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದೂ ಇದಕ್ಕಾಗಿಯೇ. ಹೆಲ್ಮೆಟ್ ಒಳಗಿನ ಥರ್ಮೋಕೋಲ್‌ನಂಥ ಪದರ ಕುಸಿಯುತ್ತಾ ತಲೆಗೆ ಕೊಡುವುದು ಅದೇ ಒಂದಿಷ್ಟು ಹೆಚ್ಚಿನ ಸಮಯವನ್ನು. 3 ಮೀಟರ್ ಎತ್ತರದ ಮನೆಯ ತಾರಸಿಯಿಂದ ಬಿದ್ದವರೂ ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತಾರೆ. ಟವೆಲನ್ನು ಬೆನ್ನಿಗೆ ಕಟ್ಟಿಕೊಂಡು ತಾರಸಿ ಏರುವ ಪುಟ್ಟ ಸೂಪರ್‌ಮ್ಯಾನ್‌ಗೆ ಈ ಲೆಕ್ಕ ಗೊತ್ತಿರಬೇಕು. ಸ್ಕೂಟರ್ ಹತ್ತುವಾಗ ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕುವ ಅಪ್ಪನಿಗೂ ಗೊತ್ತಿರಬೇಕು.

ಮುಂದಿನ ಸಲ ಮಗು ಕಾಮಿಕ್ಸ್ ಹಿಡಿದು ಕುಳಿತಾಗ ಕಸಿದುಕೊಳ್ಳಬೇಡಿ. ‘ಇವನ ವೇಗ ಎಷ್ಟಿರಬಹುದು, ನಿಲ್ಲುವುದು ಹೇಗೆ?’ ಎಂದು ಕೇಳಿ. ಒಂಬತ್ತನೆಯ ತರಗತಿಯ ಚಲನೆಯ ಪಾಠ ಅಲ್ಲೇ ಆರಂಭವಾಗುತ್ತದೆ.