ಅಪ್ಪನ ಮಗ್ಗ, ನನ್ನ ಲ್ಯಾಪ್‌ಟಾಪ್ ಮತ್ತು ಒಂದು ಸಣ್ಣ ಲೆಕ್ಕ

2023ರ ಒಂದು ಮಧ್ಯಾಹ್ನ ಹದಿನೈದು ನಿಮಿಷದ ವಿಡಿಯೋ ಕಾಲ್‌ನಲ್ಲಿ ನನ್ನ ಕೆಲಸ ಹೋಯಿತು. ಆರು ವರ್ಷ ದುಡಿದ ಕಂಪನಿ. ಸಂಜೆ ಹೊತ್ತಿಗೆ ಆಫೀಸ್ ಇಮೇಲ್ ಕೂಡ ತೆರೆಯಲಿಲ್ಲ. ನನ್ನ ಜೊತೆಗೇ ಕೆಲಸ ಕಳೆದುಕೊಂಡ ಗೆಳೆಯನೊಬ್ಬನಿಗೆ ಮನೆ ಸಾಲ, ಕಾರು ಸಾಲ ಎರಡೂ ಇದ್ದವು. ಅವನ ದನಿ ನಡುಗುತ್ತಿತ್ತು. ನನಗೂ ಬೇಜಾರಾಗಿತ್ತು, ಆದರೆ ಭಯ ಆಗಲಿಲ್ಲ. ಅದಕ್ಕೆ ಕಾರಣ ನನ್ನ ಜಾಣತನ ಅಲ್ಲ, ಹತ್ತು ವರ್ಷದ ಹಿಂದೆ ಇಳಕಲ್‌ನ ನಮ್ಮ ಮನೆಯಲ್ಲಿ ಹಾಕಿದ ಒಂದು ಲೆಕ್ಕ.

ನಮ್ಮಪ್ಪ ನೇಕಾರ. ಇಳಕಲ್ ಸೀರೆ ನೋಡಿದವರಿಗೆ ಗೊತ್ತು, ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸಬೇಕು. ಆ ಜೋಡಣೆಗೇ ಹೆಚ್ಚು ತಾಳ್ಮೆ ಬೇಕು. ಓದು ಮತ್ತು ನೌಕರಿ ನಡುವೆಯೂ ಇಂಥದೇ ಒಂದು ಜೋಡಣೆ ಇದೆ ಅಂತ ನನಗೆ ಅನ್ನಿಸಿದ್ದು ಬಹಳ ತಡವಾಗಿ.

ಯಾವ ಕಾಲೇಜು?

2013ರಲ್ಲಿ ನಾನು ಪಿಯುಸಿ ಮುಗಿಸಿದಾಗ ಸಂಬಂಧಿಕರೊಬ್ಬರು, 'ಬೆಂಗಳೂರಾಗ ಡೊನೇಷನ್ ಕೊಟ್ಟು ಸೀಟು ತಗೋರಿ, ಮನಿ ಮ್ಯಾಲ ಸಾಲ ತಗದ್ರಾತು' ಅಂದರು. ಅಪ್ಪ ಒಪ್ಪಲಿಲ್ಲ. ಸಿಇಟಿ ರ‍್ಯಾಂಕಿಗೆ ಬಾಗಲಕೋಟೆಯಲ್ಲೇ ಕಂಪ್ಯೂಟರ್ ಸೈನ್ಸ್ ಸಿಕ್ಕಿತು. ನಮ್ಮ ಜಿಲ್ಲೆಗೆ ಇದೇನು ಹೊಸದಲ್ಲ ನೋಡಿ. ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1906ರಲ್ಲಿ, ಅದರ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1963ರಲ್ಲಿ. ಬಾಗಲಕೋಟೆ ಜಿಲ್ಲೆ ಆಗುವ (1997) ಎಷ್ಟೋ ಮೊದಲೇ ಇಲ್ಲಿ ಇಂಜಿನಿಯರುಗಳು ತಯಾರಾಗುತ್ತಿದ್ದರು.

ದಾರಿ ಒಂದೇ ಅಲ್ಲ ಅನ್ನೋದೂ ಗೊತ್ತಿರಲಿ. ಬಾದಾಮಿಯ ನನ್ನ ಗೆಳೆಯ ಎಸ್‌ಎಸ್‌ಎಲ್‌ಸಿ ಆದಮೇಲೆ ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಬಂದ. ಹುನಗುಂದದ ಒಬ್ಬ ಗೆಳತಿ ಮನೆಯಿಂದಲೇ ಓಡಾಡಿ ಬಿಸಿಎ ಮುಗಿಸಿದಳು, ಹಾಸ್ಟೆಲ್ ಖರ್ಚೇ ಇಲ್ಲ. ಮೂವರೂ ಇವತ್ತು ಇದೇ ಕ್ಷೇತ್ರದಲ್ಲಿದ್ದೇವೆ.

ಸಾಲದ ಲೆಕ್ಕ

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಇದು ಬಹಳ ಜನರಿಗೆ ಗೊತ್ತೇ ಇರುವುದಿಲ್ಲ.

ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ, ಬಡ್ಡಿ 10% ಅಂತ ಇಟ್ಟುಕೊಳ್ಳಿ. ಓದುವಾಗ ಬಡ್ಡಿ ಕಟ್ಟದಿದ್ದರೆ ಕಂತು ಶುರುವಾಗುವ ಹೊತ್ತಿಗೆ ಸರಳ ಬಡ್ಡಿಯೇ 1.40 ಲಕ್ಷ ಸೇರಿ ಸಾಲ 5.40 ಲಕ್ಷ ಆಗಿರುತ್ತದೆ. ಏಳು ವರ್ಷದ ಕಂತು ತಿಂಗಳಿಗೆ ಸುಮಾರು 8,965 ರೂಪಾಯಿ. ಬಡ್ಡಿಯನ್ನು ಆಗಾಗಲೇ ಕಟ್ಟುತ್ತಾ ಬಂದರೆ ಕಂತು ಸುಮಾರು 6,640 ಮಾತ್ರ. ಏಳು ವರ್ಷದ ಕಂತುಗಳಲ್ಲೇ ಕಡಿಮೆಯಾಗುವುದು ಹತ್ತಿರ ಹತ್ತಿರ 1.95 ಲಕ್ಷ, ಅದರಲ್ಲಿ 1.40 ಲಕ್ಷ ನಾವು ಮೊದಲೇ ಕಟ್ಟಿದ ಬಡ್ಡಿ, ಉಳಿದದ್ದು ನಿಜವಾದ ಉಳಿತಾಯ!

ಮೊದಲ ವರ್ಷದ ಬಡ್ಡಿ ತಿಂಗಳಿಗೆ 833 ರೂಪಾಯಿ ಅಷ್ಟೇ. ಅಪ್ಪ ಮಗ್ಗದ ದುಡ್ಡಿನಲ್ಲಿ ಅದನ್ನು ಕಟ್ಟಿದ. ಕೊನೇ ವರ್ಷ ಅದು 3,333 ಆದಾಗ ಅವ್ವ ದೀಪಾವಳಿಗೆ ಹೊಸ ಸೀರೆ ಬೇಡ ಅಂದಳು. ಸೀರೆ ನೇಯುವ ಮನೆಯಲ್ಲಿ ಆ ಮಾತು ಕೇಳೋದು ಸುಲಭ ಅಲ್ಲ.

ನೀವು ಸಾಲಕ್ಕೆ ಹೋಗುವ ಮೊದಲು ಸ್ಕಾಲರ್‌ಶಿಪ್ ನೋಡಿ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಬಡ್ಡಿ ಸಹಾಯಧನದ ಬಗ್ಗೆ ಬ್ಯಾಂಕಿನಲ್ಲಿ ಕೇಳಿ. ಅರ್ಜಿ ಹಾಕಲು ವಿದ್ಯಾಲಕ್ಷ್ಮಿ ಪೋರ್ಟಲ್ ಇದೆ. ನೌಕರಿ ಸಿಕ್ಕಮೇಲೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಬಡ್ಡಿಯ ಮೇಲೆ ಎಂಟು ವರ್ಷ ವಿನಾಯಿತಿಯೂ ಉಂಟು.

ಡಿಗ್ರಿ ಒಂದೇ ಸಾಲದು

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೂರನೇ ವರ್ಷದವರೆಗೆ ನಾನು ಬರೀ ಪರೀಕ್ಷೆಗೆ ಓದಿದೆ. ಮೊದಲ ಇಂಟರ್‌ವ್ಯೂನಲ್ಲಿ ಒಂದು ಲಿಂಕ್ಡ್ ಲಿಸ್ಟ್ ತಿರುವಿ ಹಾಕಲು ಬರಲಿಲ್ಲ, ಇಂಗ್ಲಿಷೂ ತಡವರಿಸಿತು. ಆಮೇಲೆ ದಿನಕ್ಕೆ ಒಂದು ಗಂಟೆ ಅಂತ ಕೂತೆ. ಐಐಟಿ ಮತ್ತು ಐಐಎಸ್‌ಸಿಗಳ ಎನ್‌ಪಿಟಿಇಎಲ್ ಪಾಠಗಳನ್ನು ನೋಡಲು ದುಡ್ಡು ಬೇಕಿಲ್ಲ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಶುಲ್ಕ. ಸೀರೆ ಆರ್ಡರ್ ಬರೆದಿಡಲು ಅಪ್ಪನಿಗೊಂದು ಪುಟ್ಟ ಆ್ಯಪ್ ಮಾಡಿದೆ. ಮುಂದೆ ಇಂಟರ್‌ವ್ಯೂಗಳಲ್ಲಿ ಎಲ್ಲರೂ ಕೇಳಿದ್ದು ನನ್ನ ಅಂಕಗಳ ಬಗ್ಗೆ ಅಲ್ಲ, ಆ ಆ್ಯಪ್ ಬಗ್ಗೆ. 'ದುಡ್ಡು ಕಟ್ಟಿ, ಕೆಲಸ ಗ್ಯಾರಂಟಿ' ಅನ್ನುವ ಕಡೆ ಮಾತ್ರ ದಯವಿಟ್ಟು ಹೋಗಬೇಡಿ.

ಸಂಬಳ ಬಂದಮೇಲೆ

ಮೊದಲ ಸಂಬಳದಿಂದ ನಾನು ಪಾಲಿಸಿದ್ದು ನಾಲ್ಕೇ ನಿಯಮ:

1. ಆರು ತಿಂಗಳ ಖರ್ಚು ಬೇರೆ ಖಾತೆಯಲ್ಲಿ. ಅದನ್ನು ಮುಟ್ಟುವ ಹಾಗಿಲ್ಲ.
2. ಆರೋಗ್ಯ ವಿಮೆ ನನ್ನದೇ ಒಂದು, ಅಪ್ಪ-ಅವ್ವನಿಗೆ ಒಂದು. ಕಂಪನಿ ವಿಮೆ ಕೆಲಸದ ಜೊತೆಗೇ ಹೋಗುತ್ತದೆ.
3. ಕ್ರೆಡಿಟ್ ಕಾರ್ಡ್ ಬಿಲ್ ಪೂರ್ತಿ ಕಟ್ಟುವುದು. 'ಮಿನಿಮಮ್' ಅನ್ನೋದು ಬಲೆ.
4. ಸಂಬಳ ಹೆಚ್ಚಾದಾಗ ಅರ್ಧ ಸಾಲಕ್ಕೆ, ಉಳಿದದ್ದು ಎಸ್‌ಐಪಿಗೆ ಮತ್ತು ನಮ್ಮ ಸಂತೋಷಕ್ಕೆ.

ಹೀಗೆ 2022ಕ್ಕೇ ಶಿಕ್ಷಣ ಸಾಲ ತೀರಿತ್ತು. ಬೈಕ್ ತಗೊಂಡಿದ್ದು ಆಮೇಲೆ, ಅದೂ ಸೆಕೆಂಡ್ ಹ್ಯಾಂಡ್. ಗೆಳೆಯರು ನಕ್ಕರು, ನಗಲಿ ಬಿಡಿ.

ಕೆಲಸ ಹೋದಮೇಲೆ ಹೊಸದು ಸಿಗಲು ನಾಲ್ಕು ತಿಂಗಳು ಬೇಕಾಯಿತು. ಮೊದಲು ಬಂದ ಕಡಿಮೆ ಸಂಬಳದ ಆಫರ್‌ಗೆ 'ಬೇಡ' ಅನ್ನುವ ಧೈರ್ಯ ಕೊಟ್ಟದ್ದು ಆ ಬೇರೆ ಖಾತೆ. ಆ ಸಮಯದಲ್ಲಿ ಕ್ಲೌಡ್ ಕಲಿತೆ, ಈಗ ಅದೇ ನನ್ನ ಅನ್ನ.

ಕೆಲಸ ಹೋದ ರಾತ್ರಿ ಮನೆಗೆ ಫೋನ್ ಮಾಡಿದ್ದೆ. ಹೇಗೆ ಹೇಳೋದು ಅಂತ ತಡವರಿಸಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ:

'ಸಾಲ ಏನರ ಐತೇನ?'

'ಇಲ್ಲಪ್ಪ.'

'ಹಂಗಾರ ಉಂಡು ಮಲಕ್ಕೊ. ನಾಳೆ ನೋಡೂಣು.'